ಹಾಲಿನ ಗಂಟು

ಪಾಟಣ ತಾಲೂಕು, ಸಾತಾರಾ ಜಿಲ್ಲೆ
೯ ಜನವರಿ ೧೯೯೭

ಸಗುಣಾಳ ಅಪ್ಪನವರಿಗೆ,

ನಿಮ್ಮ ಶಾಲನ್ ಮಾಡುವ ನಮಸ್ಕಾರ. ನಿಮ್ಮ ಎರಡು ಕಾಗದ ಬಂದರೂ ಉತ್ತರ ಬರೆಯಲಾಗಲಿಲ್ಲ, ಸಿಟ್ಟಾಗಬೇಡಿ. ಬಲಗೈ ಎತ್ತಲು ಬರುತ್ತಿರಲಿಲ್ಲ. ಮಗಳು ಈಗ ದನಿ ಬಂದ ಕಡೆ ಕತ್ತು ತಿರುಗಿಸುತ್ತಾಳೆ. ನೀವು ಕಾಯುವ ಗಡಿಯಲ್ಲಿ ಹಿಮ ಬಿದ್ದಿದೆಯಂತೆ. ನಾನಿಲ್ಲಿ ಬಾಣಂತಿ ಕೋಣೆಯಲ್ಲಿ, ಮಂಚದ ಕೆಳಗಿನ ಕೆಂಡಕ್ಕೆ ಬೇಯುತ್ತಿದ್ದೆ.

ಹೆರಿಗೆಯಾದ ಮೂರನೇ ವಾರ ಬಲಮೊಲೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಕೈಗೆ ಹತ್ತಿತು. ಅತ್ತೆ, "ಹಾಲು ಗಟ್ಟ್ಯಾಗ್ಯದ, ಅಷ್ಟ. ಯಾರದೋ ದೃಷ್ಟಿ" ಎಂದು ಮೆಣಸಿನಕಾಯಿ ಇಳಿತೆಗೆದರು. ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿದರು. ಆ ಕಡೆಯ ಹಾಲು ಕೆಟ್ಟಿದೆಯೆಂದು ಕುಡಿಸಲು ಬಿಡಲಿಲ್ಲ. ಗಂಟು ಬೆಳೆಯಿತು, ಮೈ ಸುಡತೊಡಗಿತು. ಡಾಕ್ಟರಿಗೆ ತೋರಿಸೋಣವೆಂದೆ.

"ನಲವತ್ತು ದಿನ ತುಂಬಿಲ್ಲ. ಗಂಡಸರ ಮುಂದ ಎದಿ ತೆರೀತಿಯೇನ? ನಾ ಐದು ಹಡದೀನಿ, ನನ್ನ ಯಾವ ಡಾಕ್ಟರ ನೋಡಿದ್ದ?" ಎಂದರು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆದರೂ ನಾನು ಏಳಲಿಲ್ಲ. ಹಸಿಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಗಂಟು ಕಂಡ ಹನ್ನೆರಡನೇ ದಿನ ಚಳಿಜ್ವರದಿಂದ ಬಚ್ಚಲಲ್ಲಿ ಬಿದ್ದೆ. ಆಗ ಅತ್ತೆಯೇ ಓಡಿ ಡೇರಿಯ ಗಾಡಿ ನಿಲ್ಲಿಸಿ ನನ್ನನ್ನು ಕರಾಡದ ದವಾಖಾನೆಗೆ ಕರೆದೊಯ್ದರು. ಅಲ್ಲಿ ಪುಣ್ಯಕ್ಕೆ ಹೆಂಗಸೇ, ಡಾಕ್ಟರಬಾಯಿಯೊಬ್ಬರು ಸಿಕ್ಕರು. ಕುಡಿಸಿದ ಮೇಲೆ ಗಂಟು ಸಣ್ಣದಾಗುತ್ತದೆಯೇ ಎಂದು ಕೇಳಿದರು, ಕಂಕುಳನ್ನೂ ಮುಟ್ಟಿ ನೋಡಿದರು. "ಹಾಲು ಕೆಟ್ಟಿಲ್ಲವ್ವಾ, ಎರಡೂ ಕಡೆ ಕುಡಸು. ಕುಡಸೂದು ಬಿಡಿಸಿದ್ದಕ್ಕ ಗಂಟು ಹೆಚ್ಚಾಗ್ಯದ. ಬಾಣಂತಿ ಗಂಟು ಬಹಳ ಮಾಡಿ ಹಾಲಿಂದೇ ಇರ್ತದ. ಎರಡು ವಾರಕ್ಕ ಇಳೀಲಿಲ್ಲಂದ್ರ ಮಾತ್ರ ಹಾಲಂತ ಸುಮ್ಮನ ಕೂಡಬ್ಯಾಡ" ಎಂದು ಗುಳಿಗೆ ಕೊಟ್ಟರು.

ಜ್ವರ ಹೋಯಿತು, ಗಂಟು ಹೋಗಲಿಲ್ಲ. ಮತ್ತೆ ಹೋದೆವು. ಸ್ಕ್ಯಾನ್ ಮಾಡಿ ಸೂಜಿ ಚುಚ್ಚಿದರು; ಗಟ್ಟಿ ಹಾಲು ಬಂತು. ಅದನ್ನೂ ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ಏಳು ದಿನ, ನಾನಿಲ್ಲದಿದ್ದರೆ ಸಗುಣಾಳ ಜಡೆ ಯಾರು ಹಾಕುತ್ತಾರೆ ಎಂದೇ ಯೋಚಿಸುತ್ತಿದ್ದೆ. ಅವಳ ತಲೆಯಲ್ಲಿ ಇನ್ನೂ ಸರಿಯಾಗಿ ಕೂದಲೇ ಇಲ್ಲ. ಸೋಮವಾರ ಉತ್ತರ ಬಂತು. ಕೆಟ್ಟದ್ದೇನೂ ಇಲ್ಲ. ಇನ್ನು ಚಿಂತೆ ಮಾಡಬೇಡಿ.

ಉತ್ತರ ಕೇಳಿ ದವಾಖಾನೆಯಿಂದ ಹೊರಡುವಾಗ ಅತ್ತೆ ಬಾಗಿಲಲ್ಲೇ ನಿಂತು, "ನೋವೇ ಇಲ್ಲದ ಗಂಟು ಚಲೋ ಅಲ್ಲೇನ್ರಿ, ಡಾಕ್ಟರಬಾಯಿ?" ಎಂದು ಕೇಳಿದರು.

"ಅಂಥಾ ಗಂಟಿಗೇ ನಾ ಹೆಚ್ಚು ಅಂಜತೀನಿ" ಎಂದರು ಡಾಕ್ಟರಬಾಯಿ. ಬಸ್ಸಿನಲ್ಲಿ ಅತ್ತೆ ಸೆರಗನ್ನು ಎದೆಗೆ ಎಳೆದು ಹಿಡಿದೇ ಕೂತಿದ್ದರು.

ಅತ್ತೆ ಅಳವಿ ಬೀಜದ ಉಂಡೆ ಕಟ್ಟಿ ಕಳಿಸಿದ್ದಾರೆ, ಜೊತೆಗಾರರಿಗೂ ಕೊಡಿ. ಅವರ ಆಶೀರ್ವಾದ ನಿಮಗಿದೆ. ಖಂಡೋಬಾ ನಿಮ್ಮನ್ನು ಕಾಯಲಿ.

ನಿಮ್ಮ
ಶಾಲನ್

ತಾ.ಕ.: ಅಂದು ಮನೆಗೆ ಬಂದ ಮೇಲೆ ಅತ್ತೆ ನನ್ನ ಕೈ ಹಿಡಿದು ತಮ್ಮ ರವಿಕೆಯೊಳಗೆ ಇಟ್ಟುಕೊಂಡರು. ಎಡಗಡೆ ಕಲ್ಲಿನಂಥ ಗಂಟು, ಒತ್ತಿದರೆ ಅಲುಗುವುದಿಲ್ಲ. ಎರಡು ವರ್ಷವಾಯಿತಂತೆ. "ತೋರಿಸಿದ್ರ ಅದಕ್ಕೊಂದು ಹೆಸರು ಇಡ್ತಾರ. ಬ್ಯಾಡ" ಎಂದರು. ನಿಮಗೆ ಹೇಳಕೂಡದೆಂದು ಮಲಗಿದ್ದ ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸಿದರು. ಹಾಕಿದೆ. ಈಗ ಮುರಿದಿದ್ದೇನೆ. ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳುವವಳು ನಾನೇ. ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿರುತ್ತಾರೆ. ಇದರ ಸುದ್ದಿ ಎತ್ತಬೇಡಿ. ರಜೆ ಸಿಕ್ಕಿದೆ, ಬರುತ್ತಿದ್ದೇನೆ ಎಂದಷ್ಟೇ ಬರೆಯಿರಿ. ಓದುವಾಗ ದನಿ ನಡುಗದಂತೆ ನೋಡಿಕೊಳ್ಳುತ್ತೇನೆ.