ಮಾವ ಕತ್ತರಿಸಿದ ಟಗರುಗಳು

ಮೇ 18, ಭಾನುವಾರ

ಬೆಳಿಗ್ಗೆಯೇ ಟಗರುಗಳಿಗೆ ಬಿಳಿ ಬಣ್ಣ ಬಳಿದಾಯಿತು. ಹಂದಿಯೊಂದರ ಕಾಲು ಸೊಟ್ಟ — ಮಾವನೇ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಿದರು. ಉಕ್ಕಿನ ಈ ಪ್ರಾಣಿಗಳನ್ನೆಲ್ಲ ಕತ್ತರಿಸಿದ್ದು ಅವರೇ. ಗುಂಡು ಹೊಡೆದು ಇವನ್ನು ಬೀಳಿಸುವ ಪಂದ್ಯ ಶುರು ಮಾಡಿದ್ದೂ ಅವರೇ. ಈಗ ನಡೆಸುವವಳು ಸೊಸೆ, ನಾನು.

ಮೊಂಟಾನಾದ ಹಾಳು ಗಾಳಿ. ಪಂದ್ಯಕ್ಕೆ ಬಂದಿದ್ದ ಥರ್ಮನ್‌ನ ಗುಂಡು ಟಗರಿಗೆ ಟಣ್ ಅಂತ ಬಡಿಯಿತು. ಟಗರು ಅಲುಗಾಡಿತು, ಬೀಳಲಿಲ್ಲ. ಜಗಳಕ್ಕೇ ಬಂದ.

"ತಾಗಿದ್ದು ಕೇಳಿಸ್ಲಿಲ್ವಾ?"

"ಬಿದ್ರೆ ಮಾತ್ರ ಲೆಕ್ಕ ಕಣೋ. ಟಗರಿಗೆ ನಿನಗಿಂತ ಹಠ ಜಾಸ್ತಿ" ಅಂದರು ಮಾವ. ಎಲ್ಲರೂ ನಕ್ಕರು.

ಆಮೇಲೆ ಆದದ್ದು... ಕೆಂಪು ಬಾವುಟ ಮೇಲಿತ್ತು. ನನ್ನ ಗಂಡ ರಾಯ್ಸ್ ಬಿದ್ದ ಟಗರುಗಳನ್ನು ನಿಲ್ಲಿಸಲು ಹೋಗಿದ್ದ. ಆಗ ಯಾರೂ ಬಂದೂಕು ಮುಟ್ಟುವಂತಿಲ್ಲ. ಮುಟ್ಟಿದವನು ಪಂದ್ಯದಿಂದ ಹೊರಗೆ, ಸಂಜೆಯವರೆಗೆ ಪ್ರಾಣಿ ನಿಲ್ಲಿಸುವ ಕೆಲಸ. ಮಾವನೇ ಮಾಡಿದ ನಿಯಮ. ತಿರುಗಿ ನೋಡಿದರೆ ಮಾವ ಚಾಪೆಯ ಮೇಲೆ ಮಲಗಿ ತೋಟಾ ತುಂಬುತ್ತಿದ್ದಾರೆ. ಬಾವುಟ ಏರಿಸುವಾಗ ನಾನು ಹೊಡೆದ ಹಾರ್ನ್ ಅವರಿಗೆ ಕೇಳಿಸಿಲ್ಲ. ಭುಜ ಮುಟ್ಟಿದೆ. ಬೆಚ್ಚಿದರು, ತೋಟಾ ತೆಗೆದರು. ಬೇರೆ ಯಾರೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮೇ 19

ರಾಯ್ಸ್‌ಗೆ ಹೇಳಿಲ್ಲ. ಅತ್ತೆ ಹೋದ ಮೇಲೆ ಮಾವನಿಗೆ ಉಳಿದಿರುವುದು ಇದೊಂದೇ.

ಜೂನ್ 15

ಇಡೀ ಪಂದ್ಯ ಮಾವನ ಕೈ ಮೇಲೇ ಕಣ್ಣು. ಅಂಕ ತಪ್ಪು ಬರೆದೆ, ಬೈಸಿಕೊಂಡೆ. ಊಟದ ಹೊತ್ತಿಗೆ ಧೈರ್ಯ ಮಾಡಿದೆ.

"ಕಿವಿ ಮೆಷಿನ್ ಹಾಕ್ಕೊಳ್ಳಿ ಮಾವ."

"ಹಾಕ್ಕೊಂಡ್ರೆ ಥರ್ಮನ್ ಮಾತೂ ಕೇಳ್ಬೇಕಾಗತ್ತೆ."

ನಗು ಬರಲಿಲ್ಲ. ಅವರ ಬಟ್ಟಲಿಗೆ ಚಿಲಿ, ಅದೇ ಖಾರದ ಮಾಂಸದ ಸಾರು, ಬಡಿಸಿದೆ.

ಜುಲೈ 20, ಮಧ್ಯಾಹ್ನ, ಅಂಕದ ಮೇಜು

ಹೇಳಿಬಿಟ್ಟೆ. ಬಾವುಟ ಮೇಲಿತ್ತು. ರಾಯ್ಸ್ ಟಗರಿನ ಹತ್ತಿರ ಬಗ್ಗಿದ್ದ. ಮಾವ ತೋಟಾ ತುಂಬಿ, ಬಂದೂಕಿಗೆ ಕೆನ್ನೆ ಒರಗಿಸಿ, ಗುರಿ ಹಿಡಿದಿದ್ದರು. ಓಡಿದೆ. ನಳಿಗೆಯನ್ನು ನೆಲಕ್ಕೆ ಒತ್ತಿದೆ.

"ಮಾವ, ಇವತ್ತಿಗೆ ನಿಮ್ಮದು ಮುಗೀತು."

ಅವರಿಗೆ ಕೇಳುವ ಹಾಗೆ ಕೂಗಿದೆ. ಅಂದರೆ ಎಲ್ಲರಿಗೂ ಕೇಳಿಸಿತು. ಬಾವುಟ ನೋಡಿದರು. ದೂರದಲ್ಲಿ ರಾಯ್ಸ್‌ನನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

"ಮೇ ತಿಂಗಳಲ್ಲೇ ಕಳಿಸ್ಬೇಕಿತ್ತು ನನ್ನ."

"ಮನಸ್ಸು ಬರಲಿಲ್ಲ ಮಾವ."

"ಅಲ್ಲಿರೋದು ನನ್ನ ಮಗ ಕಣಮ್ಮ."

ಅಷ್ಟೇ. ಬಣ್ಣದ ಡಬ್ಬಿ ಎತ್ತಿಕೊಂಡು, ನಿಯಮದ ಪ್ರಕಾರ, ಟಗರುಗಳ ಕಡೆ ನಡೆದರು. ನನ್ನ ಮೇಲೆ ನನಗೇ ಅಸಹ್ಯ. ಎರಡು ತಿಂಗಳು ಕಾಪಾಡಿದ್ದು ಯಾರನ್ನ?

ರಾಯ್ಸ್ ವಾಪಸ್ ಬಂದ. ವಿಷಯ ಗೊತ್ತಾಗಿದೆ, ಬಾವುಟದ ಕಂಬದ ಹತ್ತಿರ ನಿಂತಿದ್ದಾನೆ. ಮಾವ ಅಲ್ಲೇ ಇದ್ದಾರೆ. ಎಲ್ಲ ನಿಲ್ಲಿಸಿಯಾಯಿತು, ಕೊನೆಯ ಟಗರಿನ ಬೆನ್ನ ಮೇಲೆ ಕೈಯಿಟ್ಟು ನಮಗೆ ಬೆನ್ನು ಮಾಡಿ ಕೂತಿದ್ದಾರೆ. ಹಾರ್ನ್ ಹೊಡೆದೆ. ಮತ್ತೆ ಹೊಡೆದೆ. ತಿರುಗಲಿಲ್ಲ.

"ಬಾವುಟ ಇಳಿಸ್ತೀಯಾ ಇಲ್ವಾ? ಗಾಳಿ ನಿಂತಿದೆ" ಎನ್ನುತ್ತಿದ್ದಾನೆ ಥರ್ಮನ್.

ಕಾಯಲಿ. ಬಂದೂಕುಗಳೆಲ್ಲ ಕೆಳಗಿವೆ, ಒಂದೊಂದನ್ನೂ ನೋಡಿಕೊಂಡು ಬಂದೆ. ಮಾವನನ್ನು ಕರೆತರಲು ನಾನೇ ಹೋಗಬೇಕು. ಬಾವುಟದ ಹಗ್ಗ ರಾಯ್ಸ್ ಕೈಗೆ ಕೊಟ್ಟು, ನಾವಿಬ್ಬರೂ ಬರುವ ತನಕ ಇಳಿಸಬೇಡ ಅಂತ ಹೇಳಿ ಹೊರಡುತ್ತೇನೆ.