ಸೂಜಿಯಲ್ಲಿ ದಾರ ಇರಲಿಲ್ಲ

ಜೂನ್ 3, ಸಂಜೆ

ಮೂರು ಬಾಗಿಲು, ಮೂರು ಶಾಪ. ಕೋರ್ಟಿನಲ್ಲಿ ಅಮೀನಳಾಗಿ ಹನ್ನೊಂದು ವರ್ಷ — ಜಪ್ತಿಗೆ ಹೋದ ಮನೆಯಲ್ಲಿ ಒಬ್ಬರೂ ಕೂತ್ಕೊಳ್ಳಿ ಅಂದಿಲ್ಲ.

ಕೊನೆಯದು ಚಪ್ಪಲಿ ಹೊಲಿಯುವವನ ಅಂಗಡಿ. ಸಾಲ ಕೊಟ್ಟವನೂ ಜೊತೆಗೆ ಬಂದಿದ್ದ. "ಆ ಮಿಷನ್ ಎತ್ಕೊಳ್ಳಿ ಮೇಡಂ" ಅಂತ ಒಂದೇ ರಾಗ. "ಅದು ಅವನ ಹೊಟ್ಟೆಪಾಡು. ಮುಟ್ಟೋ ಹಾಗಿಲ್ಲ. ಬೇಕಾದ್ರೆ ಫ್ಯಾನ್ ಬರ್ಕೋತೀನಿ" ಅಂದೆ. ಹರಳೆಣ್ಣೆ ಕುಡಿದ ಮುಖ ಮಾಡಿದ.

ದುಡಿಯುವ ಮಿಷನ್ನೋ, ಮೂಲೆ ಸೇರಿದ್ದೋ — ನೋಡಿದರೇ ಗೊತ್ತಾಗುತ್ತದೆ. ಎಣ್ಣೆ, ಧೂಳು, ಸೂಜಿಯಲ್ಲಿ ದಾರ. ದುಡಿಯುವುದಾದರೆ ಬಿಡಬೇಕು. ಮೂಲೆ ಸೇರಿದ್ದಾದರೆ ಎತ್ತಬಹುದು.

ಯೂನಿಫಾರ್ಮ್ ಶರ್ಟ್ ಕಂಕುಳಲ್ಲಿ ಮತ್ತೆ ಹರಿಯಿತು.

ಜೂನ್ 5

ನಾಜರ್ ಸಾಹೇಬರು, ನಮಗೆಲ್ಲ ವಾರಂಟ್ ಹಂಚುವವರು, ಕಟ್ಟು ಕೊಟ್ಟರು. ನಾಲ್ಕನೆಯದರಲ್ಲಿ ಅಕ್ಕನ ಹೆಸರು. ಪಕ್ಕದ ಮನೆಯವಳ ಸಾಲಕ್ಕೆ ಜಾಮೀನು ನಿಂತಿದ್ದಾಳೆ. ಆ ಮಹಾತಾಯಿ ಬೀಗ ಜಡಿದು ನಾಪತ್ತೆ. ನನಗೆ ಒಂದು ಮಾತು ಹೇಳಿಲ್ಲವಲ್ಲ!

ನಿಯಮದಂತೆ ಬರೆದುಕೊಟ್ಟೆ — ಇವರು ನನ್ನ ಸ್ವಂತ ಅಕ್ಕ. ವಾರಂಟ್ ಪಕ್ಕದ ಟೇಬಲ್ಲಿನ ಅಮೀನ 'ಮೀಸೆ'ಯ ಕೈಗೆ ಹೋಯಿತು. ಒಳ್ಳೆಯವನೇ. ಆದರೆ ಗೆರೆ ದಾಟುವವನಲ್ಲ.

"ಮುಂಚೇನೇ ಸುದ್ದಿ ಮುಟ್ಟಿತು ಅಂತ ಗೊತ್ತಾದ್ರೆ ನಿನ್ನ ಕೆಲಸ ಉಳಿಯಲ್ಲಮ್ಮ" ಅಂದರು ನಾಜರ್.

ಜೂನ್ 8

ಡ್ಯೂಟಿ ಮುಗಿಸಿ ನೇರ ಅಕ್ಕನ ಮನೆಗೆ. ಹೊಲಿಗೆ ಮಿಷನ್ ಮೇಲೆ ಎಂದಿನಂತೆ ಬೆಡ್‌ಶೀಟು, ಅದರ ಮೇಲೆ ಕಣ್ಣಿನ ಡ್ರಾಪ್ಸ್. ಆಪರೇಷನ್ ಆದಮೇಲೆ ಡಾಕ್ಟರು ಹೊಲಿಯಬೇಡಿ ಅಂದಿದ್ದಾರೆ. ಅಮ್ಮ ಹೋದಮೇಲೆ ನನ್ನನ್ನು ಓದಿಸಿದ್ದು ಇದೇ ಮಿಷನ್.

ಒಂದೇ ಮಾತು ಸಾಕಿತ್ತು. ಅಕ್ಕಾ, ಆ ಬೆಡ್‌ಶೀಟ್ ತೆಗಿ, ಸೂಜಿಗೆ ದಾರ ಏರಿಸಿಡು... ಬಿಸಿ ತುಪ್ಪ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?" ಅಂದಳು. ಕಂಕುಳ ಹರಕಿಗೆ ಬೆರಳು ತೂರಿಸಿ, "ಥೂ! ಇದನ್ನ ಹಾಕ್ಕೊಂಡು ಊರೆಲ್ಲ ಸುತ್ತುತೀಯಾ?"

ನಕ್ಕು ಎದ್ದುಬಂದೆ. ಹೇಡಿ ನಾನು.

ಜೂನ್ 12

ಮೀಸೆ ಹೋಗಿಬಂದ. ಹೊತ್ತು ಹುಟ್ಟಿದ ಮೇಲೆಯೇ ಬಾಗಿಲು ತಟ್ಟಿದ್ದಾನೆ, ವಾರಂಟ್ ಓದಿ ಹೇಳಿದ್ದಾನೆ. ಪಾತ್ರೆ, ಹಾಸಿಗೆ, ಬಟ್ಟೆ ಬಿಟ್ಟಿದ್ದಾನೆ. ಮಿಷನ್ ಎತ್ತಿದ್ದಾನೆ.

"ಮೂರು ಸಲ ಕೇಳಿದೆ ಕಣಮ್ಮ, ಹೊಲೀತೀರಾ ಅಂತ. ಹೂಂ ಅಂದಿದ್ರೆ ಬಿಟ್ಟು ಬರ್ತಿದ್ದೆ. ಇಲ್ಲಪ್ಪ, ಬಿಟ್ಟು ವರ್ಷ ಆಯ್ತು ಅಂದ್ರು."

ವರದಿ ಓದಿದೆ. "ಉಪಯೋಗದಲ್ಲಿಲ್ಲ. ಸೂಜಿಯಲ್ಲಿ ದಾರ ಇರಲಿಲ್ಲ."

ಹೂಂ ಅನ್ನೋಕೆ ಏನಾಗಿತ್ತು ಇವಳಿಗೆ? ದೊಡ್ಡ ಸತ್ಯವಂತೆ!

ಜುಲೈ 9, ಮಧ್ಯಾಹ್ನ

ಹರಾಜು. ಕೋರ್ಟಿನ ನೌಕರರು ಬೆಲೆ ಕೂಗಿ ಕೊಳ್ಳುವ ಹಾಗಿಲ್ಲ, ಬೇರೆಯವರಿಂದ ಕೂಗಿಸುವ ಹಾಗೂ ಇಲ್ಲ. ರೆಕಾರ್ಡ್ ರೂಮಿನಲ್ಲಿ ಕೂತು ಕೇಳಿಸಿಕೊಂಡೆ. ಒಂದು ಸಲ... ಎರಡು ಸಲ... ಮೂರು ಸಲ. ಹಳೇ ಸಾಮಾನಿನವನು ಟೆಂಪೋಗೆ ಹೇರಿಕೊಂಡು ಹೋದ.

ಹೇರುವಾಗ ಬಿಗಿದುಕೊಂಡಿದ್ದ ಡ್ರಾಯರ್ ಕಿತ್ತುಬಂತಂತೆ. ಒಳಗೊಂದು ಬಟ್ಟೆ ಗಂಟು. ಪಟ್ಟಿಯಲ್ಲಿ ಇಲ್ಲದ್ದು ಮನೆಯವರಿಗೇ ಸೇರಬೇಕು. ಮೀಸೆ ತಂದುಕೊಟ್ಟ.

ಖಾಕಿ ಶರ್ಟ್. ಹೊಸದು. ಎಡಭುಜದ ಒಳಗೆ ಪ್ಯಾಡ್. ಬ್ಯಾಗ್ ಹೊತ್ತೂ ಹೊತ್ತೂ ನನ್ನ ಎಡಭುಜ ತಗ್ಗಿದೆ, ಅದು ಅಕ್ಕನಿಗೆ ಮಾತ್ರ ಗೊತ್ತು. ಒಂದು ತೋಳು ಇನ್ನೂ ಹತ್ತಿಸಿಲ್ಲ.

ಅದೇ ದಿನ, ಸಂಜೆ

ಗಂಟು ಅವಳ ಮುಂದೆ ಬಿಚ್ಚಿದೆ. "ಹೊಲೀತಿದ್ದೆ ಅಂತ ಯಾಕೆ ಹೇಳ್ಲಿಲ್ಲ?"

"ಏನು ಹೊಲೀತೀರಿ, ತೋರಿಸಿ ಅಂದಿದ್ರೆ? ಖಾಕಿ ಕಂಡ್ರೆ ನಿನ್ನದು ಅಂತ ಗೊತ್ತಾಗಲ್ವಾ? ತಂಗೀನೇ ಮುಂಚೆ ಹೇಳ್ಕೊಟ್ಟು ಮಿಷನ್ ಉಳಿಸಿದಳು ಅಂತಿದ್ರು. ಬಾಗಿಲು ತಟ್ಟಿ ಕೋರ್ಟಿಂದ ಅಂದ ತಕ್ಷಣ ದಾರ ಕಿತ್ತು, ಡ್ರಾಯರಿಗೆ ತುರುಕಿದೆ."

ಶರ್ಟಿನ ಮಡಿಕೆ ಬಿಡಿಸುತ್ತ ಕೇಳಿದಳು. "ಅವ್ರು ಬರೋದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳದೆ ಇದ್ದದ್ದೇ ಒಳ್ಳೇದಾಯ್ತು ಬಿಡು" ಅಂದಳು. ಬೈಯಬಾರದಿತ್ತಾ? ಕಪಾಳಕ್ಕೆ ಎರಡು ಬಿಗಿದಿದ್ದರೂ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕೈಹೊಲಿಗೆಯ ಸೂಜಿ ತಂದಳು. "ತೋಳು ಕೈಯಲ್ಲೇ ಹತ್ತಿಸ್ತೀನಿ. ದಾರ ಪೋಣಿಸಿಕೊಡು, ನಂಗೆ ಕಾಣಲ್ಲ."

ಒಂದು ಸಲ, ಎರಡು ಸಲ, ಮೂರು ಸಲ. ದಾರ ಪಕ್ಕಕ್ಕೆ ಹೋಗುತ್ತಿತ್ತು.

"ನಿಂಗೂ ಆಪರೇಷನ್ ಮಾಡಿಸ್ಬೇಕೇನೇ?" ಅಂತ ನಕ್ಕಳು.

ಜುಲೈ 10, ಬೆಳಿಗ್ಗೆ

ಶರ್ಟ್ ಹಾಕಿಕೊಂಡೆ. ಭುಜ ಸರಿಯಾಗಿ ಕೂತಿದೆ. ಇವತ್ತು ನಾಲ್ಕು ಮನೆ. ಮೊದಲನೆಯದು ಒಬ್ಬ ಟೈಲರಮ್ಮನದು. ವಾರಂಟಿನ ಪಟ್ಟಿಯಲ್ಲಿ ಮೊದಲ ಸಾಲು: ಹೊಲಿಗೆ ಮಿಷನ್.