ಸಿನಿಮಾದಲ್ಲಿದ್ದದ್ದು ನನ್ನ ಕೈ

ಮನೆಯಿಂದ,
ಮಾರ್ಚ್ ೯, ಭಾನುವಾರ

ಮುದ್ದು ಮೊಮ್ಮಗಳೇ,

ಹೇಗಿದ್ದೀಯಮ್ಮಾ? ಆ ಚಳಿಯಲ್ಲಿ ಕೆಮ್ಮು ಬಿಟ್ಟಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕಣ್ಣು ಮಾತ್ರ ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ನೀನು ಮದುವೆಯಾಗಬೇಕೆಂದಿರುವ ಹುಡುಗನ ವಿಷಯ ಬರೆದ ಪತ್ರವನ್ನು ನಾಲ್ಕು ಸಲ ಓದಿದೆ. ಅವನು ಪಶ್ಚಿಮದವನು, ಬೇರೆ ಬಣ್ಣದವನು ಎಂದು ನಿನ್ನಪ್ಪ ಊಟ ಬಿಟ್ಟು ಕೂತಿದ್ದಾನೆ. ನನಗೆ ಹಳೆಯದೊಂದು ನೆನಪಾಗುತ್ತಿದೆ. ಇದನ್ನು ನಿನ್ನ ತಾತನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನನಗಾಗ ಇಪ್ಪತ್ತು. ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುವ ಕೆಲಸ. ಪಶ್ಚಿಮದ ಕಂಪನಿಯೊಂದು ಚಿತ್ರ ತೆಗೆಯಲು ಬಂತು. ಕತೆಯಲ್ಲಿ ಅವರ ಸೇನಾಧಿಕಾರಿಗೂ ನಮ್ಮ ಕಡೆಯ ಹೊಲಿಗೆ ಹುಡುಗಿಗೂ ಪ್ರೀತಿ. ಅವನು ಹಡಗು ಹತ್ತುತ್ತಾನೆ, ಇವಳು ಕಾದು ಕಾದು ಸಾಯುತ್ತಾಳೆ. ಆ ಹುಡುಗಿಯ ಪಾತ್ರ ಮಾಡಿದವಳೂ ಅವರ ದೇಶದವಳೇ. ದಿನಾ ಎರಡು ಗಂಟೆ ಕೂರಿಸಿ ಮೈಗೆ ಕಂದು ಬಣ್ಣ ಬಳಿಯುತ್ತಿದ್ದರು. ಬಣ್ಣವೇನೋ ಹತ್ತಿತು, ಸೂಜಿ ಹಿಡಿಯಲು ಬರಲಿಲ್ಲ. ನಿರ್ದೇಶಕ ತಲೆ ಚಚ್ಚಿಕೊಂಡು ಕೊನೆಗೆ ನನ್ನನ್ನು ಕರೆಸಿದ. ಮುಖ ಅವಳದು, ಕೈ ನನ್ನದು.

ಮೂರು ದಿನ ಆ ಅಧಿಕಾರಿಯ ಪಾತ್ರ ಮಾಡಿದ ನಾಯಕನಟ ಕ್ಯಾಮೆರಾದ ಮುಂದೆ ನನ್ನ ಕೈ ಹಿಡಿದ. ನಮ್ಮ ಭಾಷೆಯಲ್ಲಿ ಅವನು ಕಲಿತಿದ್ದದ್ದು ಒಂದೇ ಮಾತು: "ಮತ್ತೆ ಬರ್ತೀನಿ, ಕಾಯ್ತಾ ಇರು." ಅದು ಚಿತ್ರದ ಮಾತೆಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಹೊರಡುವ ದಿನ ಗೇಟಿನ ಬಳಿ ನನ್ನನ್ನು ಕಂಡು ಅದನ್ನೇ ಅಂದ. ಅಲ್ಲಿ ಕ್ಯಾಮೆರಾ ಇರಲಿಲ್ಲವಲ್ಲ! ನಂಬಿಬಿಟ್ಟೆ. ಪುಸ್ತಕ ತಂದು ಅವರ ಭಾಷೆ ಕಲಿಯತೊಡಗಿದೆ, ಬಂದ ಎರಡು ಸಂಬಂಧಗಳನ್ನು ಒಲ್ಲೆನೆಂದೆ. ಹನ್ನೊಂದು ತಿಂಗಳಾದ ಮೇಲೆ ಸ್ಟುಡಿಯೋ ವಿಳಾಸಕ್ಕೆ, 'ಹೊಲಿಗೆ ಕೋಣೆಯ ಹುಡುಗಿಗೆ' ಎಂದು ಒಂದು ಲಕೋಟೆ ಬಂತು. ಒಳಗೆ ಅವನ ಫೋಟೋ. ಹಿಂಬದಿಯಲ್ಲಿ 'ಪ್ರೀತಿಯ' ಎಂದು ಬರೆದು, ಅದರ ಪಕ್ಕದಲ್ಲೇ ಚಿತ್ರದ ಆ ಹುಡುಗಿಯ ಹೆಸರು. ನನ್ನ ಹೆಸರು ಅವನಿಗೆ ಗೊತ್ತೇ ಇರಲಿಲ್ಲ.

ವರ್ಷಗಟ್ಟಲೆ ಅವನನ್ನು ಬೈದುಕೊಂಡೆ. ಆಮೇಲೆ ಹೊಳೆಯಿತು, ಅವನ ವಿಷಯ ನನಗೆ ಮಾತ್ರ ಏನು ಗೊತ್ತಿತ್ತು? ಕುದುರೆ ಕಂಡರೆ ನಡುಗುತ್ತಿದ್ದ. ಇಲ್ಲಿನ ಊಟ ಒಗ್ಗದೆ ಮೂಲೆಯಲ್ಲಿ ಹೊಟ್ಟೆ ಹಿಡಿದು ಕೂರುತ್ತಿದ್ದ. ಅದೆಲ್ಲ ಕಣ್ಣೆದುರೇ ನಡೆದರೂ ನಾನು ನೋಡಿದ್ದು ಅಧಿಕಾರಿಯ ಸಮವಸ್ತ್ರವನ್ನು. ಅದನ್ನು ಹೊಲಿದವಳೂ ನಾನೇ, ನೋಡು!

ಚಿತ್ರ ಇಲ್ಲಿಗೆ ಬಂದಾಗ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು ನಿನ್ನ ತಾತ. ಆಟ ಮುಗಿದ ಮೇಲೆ ದಡದಡನೆ ಮೆಟ್ಟಿಲಿಳಿದು ಬಂದು, "ಏನ್ರೀ, ಅದು ನಿಮ್ಮ ಕೈ ಅಲ್ವಾ?" ಅಂದರು. ಅದಕ್ಕೆ ಮುಂಚೆ ಅವರ ಅಂಗಿಗೆ ನಾನು ಗುಂಡಿ ಹಾಕಿಕೊಟ್ಟಿದ್ದು ಒಂದೇ ಒಂದು ಸಲ.

ಪಾತ್ರೆ ತೊಳೆಯುವ ಸರದಿಗಾಗಿ ನೀವಿಬ್ಬರೂ ಜಗಳವಾಡಿ ಎರಡು ದಿನ ಮಾತು ಬಿಟ್ಟಿರೆಂದು ಬರೆದಿದ್ದೀಯ. ನಿನ್ನ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟದ್ದು ಆ ಸಾಲು. ಆ ಚಿತ್ರದಲ್ಲಿ ಯಾರೂ ಪಾತ್ರೆ ತೊಳೆಯಲಿಲ್ಲ.

ಮೈ ಬೆಚ್ಚಗಿಟ್ಟುಕೋ ಕಂದಾ. ನಿಮ್ಮಿಬ್ಬರಿಗೂ ನನ್ನ ಆಶೀರ್ವಾದ; ಅವನಿಗೆ ಅರ್ಥವಾಗುವ ಹಾಗೆ ನೀನೇ ಹೇಳಿಬಿಡು.

ನಿನ್ನ
ಅಜ್ಜಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಈ ಪತ್ರ ಬರೆ ಎಂದು ಕೂರಿಸಿದವನು ನಿನ್ನಪ್ಪ. "ಅಮ್ಮಾ, ನಿನ್ನ ಮಾತಾದ್ರೆ ಕೇಳ್ತಾಳೆ, ಬೇಡ ಅಂತ ಹೇಳು" ಅಂದ. ನನ್ನಿಂದಾಗಲಿಲ್ಲ. ನಿನ್ನೆ ಪಾಸ್‌ಪೋರ್ಟಿಗೆಂದು ಫೋಟೋ ತೆಗೆಸಿಕೊಂಡು ಬಂದೆ, ಮದುವೆಯ ದಿನ ಗೊತ್ತಾದ ಕೂಡಲೇ ತಿಳಿಸು. ನಿನ್ನಪ್ಪ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದಾನೆ. ಈಗ ಹೋಗಿ ಇಷ್ಟನ್ನೂ ಅವನಿಗೆ ಓದಿ ಹೇಳುತ್ತೇನೆ.